ಕೆಳಗಿನ ಕೀಲಿನಿಂದ ಒಂದು ಗೇಣು ಮೇಲೆ

ಆ ಇಳಿಜಾರು ಬೀದಿಯಲ್ಲಿದ್ದದ್ದು ಇಪ್ಪತ್ತೆರಡು ಮನೆ. ಇಪ್ಪತ್ತೆರಡರ ಬಾಗಿಲೂ ಒಬ್ಬನೇ ಬಡಗಿಯ ಕೈಯಲ್ಲಿ ಆದವು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಒಂದು ಹಾಳೆ ತೂರಿದರೆ ಹೆಚ್ಚು, ಹಾಗೆ ಕೂರಿಸುತ್ತಿದ್ದ. ಅದಕ್ಕೇ ಅವನಿಗೆ ಬಿಗಿಯಣ್ಣ ಎಂಬ ಹೆಸರು ಬಿತ್ತು. ‘ಮಾತೂ ಬಿಗಿ, ಕೈಯೂ ಬಿಗಿ’ ಎಂದು ಹಿಟ್ಟಿನ ಗಿರಣಿ ನಡೆಸುವ ಗಿರಣಿಯಮ್ಮ ಛೇಡಿಸಿದರೆ ಅವನು ಮೀಸೆಯಲ್ಲೇ ನಗುತ್ತಿದ್ದ.

ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿಮೂರು. ಅಕ್ಕ ಅವರಿವರ ಮನೆ ಪಾತ್ರೆ ತಿಕ್ಕಿ ಅವನನ್ನು ಸಾಕಿದಳು, ಕೆಲಸ ಕಲಿಯಲು ಹಾಕಿದಳು. ಅವನು ಮಾಡಿದ ಮೊದಲ ಬಾಗಿಲು ಅಕ್ಕನ ಮನೆಯದು. ಬೀದಿಯ ತಗ್ಗಿನ ತುದಿಯಲ್ಲಿ, ಕೊನೆಯಿಂದ ಎರಡನೆಯ ಮನೆ. ಹೋದ ವರ್ಷ ಅಕ್ಕ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಈಗ ಕೋಲು ಹಿಡಿದು ಮಂಚದಿಂದ ಕಿಟಕಿಯವರೆಗೆ ಹೋದರೆ ಅದೇ ದೊಡ್ಡ ಪ್ರಯಾಣ. ಮೇಲಿನ ತುದಿಯಲ್ಲಿ ಗಿರಣಿಯ ಹಿಂದಿನ ಕೋಣೆಯಲ್ಲಿದ್ದ ತಮ್ಮ ಎರಡು ಹೊತ್ತೂ ಊಟ ಒಯ್ದು ಕೊಡುತ್ತಿದ್ದ.

ಅವನ ಬಾಗಿಲುಗಳಲ್ಲಿ ಒಂದು ಗುಟ್ಟಿತ್ತು. ಮಗು ಒಳಗಿನಿಂದ ಚಿಲಕ ಹಾಕಿಕೊಂಡರೆ, ಬೀಗದ ಕೈ ಕಳೆದುಹೋದರೆ, ಜನ ಅವನನ್ನು ಕರೆಯುತ್ತಿದ್ದರು. ಅವನು ಬಂದು, "ಎಲ್ರೂ ಆ ಕಡೆ ತಿರುಗಿ" ಎನ್ನುತ್ತಿದ್ದ. ಟಕ್ ಎಂದು ಒಂದೇ ಪೆಟ್ಟು. ಕೆಳಗಿನ ಹಲಗೆ ಒಳಕ್ಕೆ ಬೀಳುತ್ತಿತ್ತು. ಪೆಟ್ಟು ಎಲ್ಲಿ ಬಿತ್ತೆಂದು ಹೆಂಡತಿಗೂ ಹೇಳಲಿಲ್ಲ, ಅವಳು ತೀರಿಹೋಗುವಾಗಲೂ ಹೇಳಲಿಲ್ಲ. ಕಳ್ಳನ ಕಿವಿಗೆ ಬಿದ್ದರೆ ಒಂದೇ ದಿನದಲ್ಲಿ ಬೀದಿಯೆಲ್ಲ ತೆರೆದುಬಿಡುತ್ತದಲ್ಲ.

ಆ ಸಲ ಮಳೆ ಒಂಬತ್ತು ದಿನ ಬಿಡದೆ ಹೊಡೆಯಿತು. ಹತ್ತನೆಯ ದಿನ ಮಧ್ಯಾಹ್ನ ನದಿಯ ದಂಡೆ ಒಡೆದು ನೀರು ತಗ್ಗಿನ ಕಡೆಯಿಂದ ಬೀದಿಗೆ ಏರಿತು. ಜನ ಬಾಗಿಲು ಹಾಕಿಕೊಂಡು, ಸಂದಿಗೆ ಹಳೇ ಸೀರೆ, ಗೋಣಿಚೀಲ ತುರುಕಿದರು. ನೀರು ಬಚ್ಚಲ ತೂಬಿನಿಂದಲೂ ಕಿಟಕಿಯಿಂದಲೂ ಒಳಗೆ ಬಂತು. ಮೊದಲೇ ಉಬ್ಬಿದ್ದ ಮರ, ಈಗ ಉಬ್ಬಿದ ಬಟ್ಟೆ. ಯಾವ ಬಾಗಿಲೂ ಅಲುಗಲಿಲ್ಲ. ಕಿಟಕಿಗಳಿಗೆ ಕಬ್ಬಿಣದ ಸರಳು.

ಮೇಲಿನ ಬೀದಿಗಳಿಂದ ಹನ್ನೊಂದು ಜನ ಗಿರಣಿಯ ಮುಂದೆ ಸೇರಿದರು. ದೋಣಿ ಇಲ್ಲ, ಉದ್ದನೆಯ ಹಗ್ಗ ಇಲ್ಲ. ನೀರಿನ ಸೆಳೆತಕ್ಕೆ ಒಬ್ಬೊಬ್ಬರೇ ಇಳಿಯುವಂತಿಲ್ಲ. ಗಿರಣಿಯಮ್ಮ ಜಗಲಿಯ ಕಂಬವನ್ನು ಒಂದು ಕೈಯಲ್ಲಿ ತಬ್ಬಿಕೊಂಡು ಇನ್ನೊಂದು ಕೈ ಚಾಚಿದಳು. ಒಬ್ಬರ ಮಣಿಕಟ್ಟನ್ನು ಇನ್ನೊಬ್ಬರು ಹಿಡಿದು ಸರಪಳಿಯಾದರು. ತುದಿಯಲ್ಲಿ ಬಿಗಿಯಣ್ಣ, ಸೊಂಟದಲ್ಲಿ ಉಳಿ, ಸುತ್ತಿಗೆ. ಮನೆಯಿಂದ ಬಿಡಿಸಿದವರಲ್ಲಿ ಮಕ್ಕಳು, ಮುದುಕರು ಗಿರಣಿಗೆ. ಗಟ್ಟಿ ಇದ್ದವರು ಸರಪಳಿಗೆ. ಮನೆ ತೆರೆದಷ್ಟೂ ಸರಪಳಿ ಉದ್ದವಾಗಬೇಕು. ಅಕ್ಕನ ಮನೆ ಮುಟ್ಟಲು ನಲವತ್ತು ಜನವಾದರೂ ಬೇಕು.

ತಗ್ಗಿನಿಂದ ಟಣ್ ಟಣ್ ಎಂಬ ಸದ್ದು ಬರುತ್ತಿತ್ತು. ಅಕ್ಕ ಸೌಟಿನಿಂದ ಕಿಟಕಿಯ ಸರಳಿಗೆ ಬಡಿಯುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು.

ಮೊದಲ ಬಾಗಿಲಿಗೆ ಹೋದವನು ಅಭ್ಯಾಸದಂತೆ, "ಆ ಕಡೆ ತಿರುಗಿ" ಎಂದ. ಜನ ತಿರುಗಿದರು. ಕೆಸರು ನೀರಿನಲ್ಲಿ ತಡಕಿ ಪೆಟ್ಟು ಹಾಕಿ, ಹಲಗೆ ಬೀಳಿಸಿ, ಐದು ಜನರನ್ನು ಹೊರಗೆಳೆದ. ಮತ್ತೆ ಎದುರು ಸಾಲಿಗೆ ಅವನೇ ಹೋಗಬೇಕು. ಅವನ ಜೊತೆ ಸರಪಳಿಯೆಲ್ಲ ಬಾಗಿ ಹೋಗಬೇಕು. ಮೂರನೆಯ ಬಾಗಿಲು ಮುಗಿಯುವಾಗ ಮುಕ್ಕಾಲು ಗಂಟೆ ಆಗಿತ್ತು. ನೀರು ತೊಡೆಯಿಂದ ಸೊಂಟಕ್ಕೆ ಬಂದಿತ್ತು.

"ಬಿಗಿಯಣ್ಣ," ಎಂದಳು ಗಿರಣಿಯಮ್ಮ ಕಂಬದ ಬಳಿಯಿಂದಲೇ. "ಒಂದು ಬಾಗಿಲಿಗೆ ಕಾಲು ಗಂಟೆ. ಇನ್ನೂ ಹತ್ತೊಂಬತ್ತು ಇದೆ. ಬೇರೆಯವರಿಗೂ ಒಂದೊಂದು ಬಿಡು."

"ಬೇರೆಯವರಿಗೆ ಆಗಲ್ಲಮ್ಮ."

"ಆಗಲ್ವೋ, ನೀನು ಹೇಳಲ್ವೋ?"

ಅವನು ಸೌಟಿನ ಸದ್ದಿಗೆ ಕಿವಿಗೊಟ್ಟು ನಿಂತ. ಎರಡು ಸಲ ಬಂತು. ಆಮೇಲೆ ಬರಲಿಲ್ಲ. ಮಳೆ ಮಾತ್ರ ಕೇಳಿಸಿತು.

ಅವನು ಗಂಟಲು ಹರಿಯುವಂತೆ ಕೂಗಿದ. "ಎಲ್ರೂ ಕೇಳಿ. ಕೆಳಗಿನ ಕೀಲು ಮುಟ್ಟಿ ನೋಡಿ. ಅಲ್ಲಿಂದ ಒಂದು ಗೇಣು ಮೇಲೆ, ಬಣ್ಣದ ಕೆಳಗೆ ಒಂದು ಸಣ್ಣ ಗುಳಿ ಸಿಗುತ್ತೆ. ಅದರೊಳಗೆ ಮರದ ಮೊಳೆ ಇದೆ. ಉಳಿ ಇಟ್ಟು ಒಂದೇ ಏಟು ಹಾಕಿ, ಹಲಗೆ ಬೀಳುತ್ತೆ. ನಾನು ಮಾಡಿರೋ ಎಲ್ಲಾ ಬಾಗಿಲೂ ಹಾಗೇ. ಒಳಗಿರೋರಿಗೂ ಕೂಗಿ ಹೇಳಿ."



"ಅಯ್ಯೋ ನಿನ್ನ, ಇಷ್ಟು ವರ್ಷ ನಾವು ಮಂತ್ರ ಅಂದ್ಕೊಂಡಿದ್ವಲ್ಲೋ," ಎಂದ ಸರಪಳಿಯಲ್ಲಿದ್ದ ಕ್ಷೌರದಂಗಡಿಯವನು. ಅಂಥ ಹೊತ್ತಿನಲ್ಲೂ ಯಾರೋ ನಕ್ಕರು. ನಗುತ್ತಲೇ ಅವನ ಸೊಂಟದಿಂದ ಒಂದು ಉಳಿ ಕಿತ್ತುಕೊಂಡರು. ಗಿರಣಿಯಿಂದ ಹಾರೆ ಬಂತು, ಇಕ್ಕಳ ಬಂತು, ಕಲ್ಲು ಸಿಕ್ಕಿದವರು ಕಲ್ಲನ್ನೇ ಹಿಡಿದರು. ಸರಪಳಿ ಎರಡು ಸಾಲಾಯಿತು. ಮಾತು ಕಿಟಕಿಯಿಂದ ಕಿಟಕಿಗೆ ಹೋಗಿ, ಕೆಲವರು ಒಳಗಿನಿಂದಲೇ ಅದೇ ಜಾಗವನ್ನು ಒದ್ದು ಒಡೆದುಕೊಂಡರು. ಹತ್ತು ಮನೆ, ಹನ್ನೆರಡು, ಹದಿನೇಳು. ಸಾಲು ಉದ್ದವಾಗುತ್ತ ಹೋಯಿತು, ನೀರು ಎದೆಗೆ ಬಂತು.

ಅಕ್ಕನ ಬಾಗಿಲಿನಲ್ಲಿ ಮೊಳೆ ಎಲ್ಲಿದೆಯೆಂದು ಅವನು ತಡಕಲಿಲ್ಲ, ಕೈಗೇ ಗೊತ್ತಿತ್ತು. ಮುಳುಗಿ ಹೊಡೆದ. ಉಸಿರು ಸಿಗದೆ ಮೇಲೆ ಬಂದ, ಮತ್ತೆ ಮುಳುಗಿ ಹೊಡೆದ. ಹಲಗೆ ಒಡೆದ ಕಂಡಿಯಲ್ಲಿ ನುಸುಳಿ ಒಳಗೆ ಎದ್ದಾಗ, ಅಕ್ಕ ಕಿಟಕಿಯ ಬಳಿ ಕುತ್ತಿಗೆಯವರೆಗಿನ ನೀರಿನಲ್ಲಿ ನಿಂತು ಸರಳು ಹಿಡಿದಿದ್ದಳು. ಸೌಟು ಜಾರಿ ಹೋಗಿತ್ತು. ಬೆರಳುಗಳು ಸೆಟೆದು, ಒಂದೊಂದನ್ನೇ ಬಿಡಿಸಬೇಕಾಯಿತು.

"ಬಂದ್ಯಾ ತಮ್ಮಾ," ಎಂದಳು. ತುಟಿ ನೀಲಿಯಾಗಿತ್ತು. "ಪಕ್ಕದ ದರ್ಜಿ ಕೂಗ್ತಾ ಇದ್ದ. ಈಗ ಕೂಗ್ತಿಲ್ಲ. ಹೋಗಿ ನೋಡು."

"ಮೊದಲು ನೀನು ನಡಿ. ಮೂಗು ಮುಚ್ಕೋ."

ಅವಳನ್ನು ಕಂಡಿಯಿಂದ ಹೊರಗೆ ತಂದು ಕ್ಷೌರದಂಗಡಿಯವನ ಕೈಗೆ ಕೊಟ್ಟ. ಅವನು ಹಿಂದಿನವಳಿಗೆ ಕೊಟ್ಟ. ಅಕ್ಕ ಹೀಗೆ ನಲವತ್ತು ಜನರ ಕೈ ಮೇಲೆ ಗಿರಣಿಯವರೆಗೆ ಹೋದಳು. ಕೆಮ್ಮುತ್ತಿದ್ದದ್ದು ಇಲ್ಲಿಯವರೆಗೂ ಕೇಳಿಸುತ್ತಿತ್ತು. ಕೆಮ್ಮಿದರೆ ಬದುಕಿದ್ದಾಳೆ ಎಂದು ಲೆಕ್ಕ ಹಾಕಿ ಅವನು ತಗ್ಗಿನ ಕೊನೆಯ ಮನೆಯಲ್ಲಿದ್ದ ದರ್ಜಿಯ ಬಾಗಿಲಿಗೆ ತಿರುಗಿದ.

ಅದಕ್ಕೆ ಒಂದೇ ಏಟು ಸಾಕಾಯಿತು. ಹಲಗೆ ಬಿದ್ದ ಕೂಡಲೇ ಒಳಗಿನಿಂದ ಒಂದು ಕೈ ತೇಲಿ ಬಂದು ಅವನ ಮೊಣಕಾಲಿಗೆ ತಾಗಿತು. ಹಿಡಿದು ಎಳೆದ. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಮುಖ ನೀರಿನಿಂದ ಮೇಲೆತ್ತಿ ಕೆನ್ನೆ ತಟ್ಟಿದ, ಎದೆ ಒತ್ತಿದ, ಮತ್ತೆ ತಟ್ಟಿದ.

"ಸಾಕು ಬಿಡಣ್ಣ," ಎಂದ ಕ್ಷೌರದಂಗಡಿಯವನು. "ಹೋಗಿಬಿಟ್ಟಿದ್ದಾನೆ."

ದರ್ಜಿಯನ್ನೂ ಅದೇ ಕೈಗಳ ಮೇಲೆ ಮೇಲಕ್ಕೆ ಕಳಿಸಿದರು.  ಬಿಗಿಯಣ್ಣ ಚೌಕಟ್ಟು ಹಿಡಿದು ನಿಂತೇ ಇದ್ದ. ನೀರು ಗದ್ದಕ್ಕೆ ತಾಗುತ್ತಿತ್ತು.

"ಮೂರು ಬಾಗಿಲು," ಎಂದ. "ಮುಕ್ಕಾಲು ಗಂಟೆ. ಮೊದಲೇ ಹೇಳ್ಬೇಕಿತ್ತು ನಾನು."

ಕ್ಷೌರದಂಗಡಿಯವನು ಬಿಗಿಯಣ್ಣನ ಮಣಿಕಟ್ಟನ್ನು ಬಿಡದೆ, ಅವನು ಚೌಕಟ್ಟು ಬಿಡುವವರೆಗೂ ಅಲ್ಲೇ ನಿಂತ.