ಕಾರಿನ ಗಾಜಿಗೆ ಮೂಗೊತ್ತುವವನು
ಅಂಗಡಿ ಮುಂದಿನ ಪಾರ್ಕಿಂಗ್ ಕಾಯುವ ಈ ಮನುಷ್ಯನಿಗೆ ಬೇಸಿಗೆ ಬಂತೆಂದರೆ ನಿಂತಲ್ಲಿ ಕಾಲು ನಿಲ್ಲದು. ಯಾರಾದರೂ ನಾಯಿಯನ್ನು ಒಳಗೇ ಬಿಟ್ಟುಹೋದರೋ ಎಂದು ಪ್ರತಿ ಕಾರಿನ ಗಾಜಿಗೂ ಮೂಗೊತ್ತಿ ಇಣುಕುತ್ತಾನೆ. "ಏನಣ್ಣಾ, ಕಾರು ಕೊಂಡ್ಕೊಳ್ತೀಯಾ?" ಎಂದು ಡ್ರೈವರುಗಳು ಕಿಚಾಯಿಸಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇವತ್ತು ಮೂಲೆಯ ಕಾರಿನಲ್ಲಿ ಒಂದು ನಾಯಿ ನಾಲಗೆ ಚಾಚಿ ಸೀಟಿಗೊರಗಿ ಏದುಸಿರು ಬಿಡುತ್ತಿತ್ತು. ಗಾಜು ಒಡೆಯಲು ಇವನು ಕಲ್ಲೆತ್ತುವಷ್ಟರಲ್ಲಿ ಕಾರಿನ ಯಜಮಾನರು ಓಡಿಬಂದರು. "ಐದೇ ನಿಮಿಷ ಹೋಗಿದ್ದೆ ಕಣಯ್ಯಾ." "ಹಾಗಾದ್ರೆ ನೀವೂ ಗಾಜು ಏರಿಸ್ಕೊಂಡು ಐದೇ ನಿಮಿಷ ಕೂತ್ಕೊಳ್ಳಿ ಸಾರ್, ನಾನು ಕಾಯ್ತೀನಿ." ಯಜಮಾನರು ಬಾಗಿಲು ತೆರೆದರು. ತೂರಾಡುತ್ತ ಇಳಿದ ನಾಯಿ, ಇವನಿಟ್ಟ ಬಕೆಟ್ಟಿನ ನೀರು ಕುಡಿದು ಚೇತರಿಸಿಕೊಂಡು, ಬಾಲ ಅಲ್ಲಾಡಿಸುತ್ತ ಇವನತ್ತಲೇ ಬಂತು. ಅಷ್ಟರಲ್ಲಿ ಇವನು ಸ್ಟೂಲು ಹತ್ತಿ, ಹಳೆಯ ಕಡಿತದ ಗುರುತಿದ್ದ ಮೀನಖಂಡವನ್ನು ಕೈಯಿಂದ ಮುಚ್ಚಿಕೊಂಡು ಕೂಗುತ್ತಿದ್ದ: "ಸ್ವಲ್ಪ ಹಿಡ್ಕೊಳ್ಳಿ ಸಾರ್, ನಾಯಿ ಅಂದ್ರೆ ನಂಗೆ ಜೀವ ಹೋಗುತ್ತೆ."