ಪಿಂಗಾಣಿಗೂ ಮುಪ್ಪುಂಟು ಎಂದ ಹಾಚಿಯಾ ಮೇಷ್ಟ್ರು

ಮನುಷ್ಯನ ಮೈಯೊಳಗೆ ಕೂರಿಸುವ ಪಿಂಗಾಣಿ ಎಷ್ಟು ಗಟ್ಟಿ ಎಂದು ಅಳೆದವರು ಜಗತ್ತಿನಲ್ಲಿ ಬಹಳ ಮಂದಿ. ಅದು ಎಷ್ಟು ಕಾಲ ಗಟ್ಟಿಯಾಗಿರುತ್ತದೆ ಎಂದು ಕೇಳಿ, ಕೇಳಿದ ಮೇಲೆ ನೆಮ್ಮದಿಯ ನಿದ್ದೆ ಕಳೆದುಕೊಂಡವರು ಕೆಲವೇ ಮಂದಿ. ಆ ಕೆಲವರಲ್ಲಿ, ಜಪಾನಿನಲ್ಲಿ ಪಿಂಗಾಣಿಗೆ ಹೆಸರಾದ ನಮ್ಮ ಮಿನೋ ಸೀಮೆಯ ಪ್ರಾಧ್ಯಾಪಕ ಹಾಚಿಯಾ ತೊಮೊನೊರಿ ಅವರದು ಮೊದಲ ಸ್ಥಾನ. ಈ ವಸಂತದಲ್ಲಿ ಅವರು ಸೇವೆಯಿಂದ ನಿವೃತ್ತರಾಗುತ್ತಿರುವ ಸಂದರ್ಭಕ್ಕೆ ಒಂದು ಲೇಖನ ಬರೆಯಿರಿ ಎಂದು ಅವರ ಶಿಷ್ಯರು ನನ್ನನ್ನು ಕೇಳಿದ್ದಾರೆ. ನಾನು ಅವರ ಶಿಷ್ಯನಲ್ಲ. ಮೂಳೆಯ ಶಸ್ತ್ರವೈದ್ಯ, ಅವರು ಪರೀಕ್ಷಿಸಿ ಕೊಟ್ಟದ್ದನ್ನು ಜನರ ಸೊಂಟಕ್ಕೆ ಕೂರಿಸಿದವನು. ಹೀಗಾಗಿ ಇಲ್ಲಿ ಹೊಗಳಿಕೆಯ ಜೊತೆಗೆ ಒಂದಿಷ್ಟು ಜಗಳವೂ ಸೇರಿಕೊಂಡರೆ ಸಂಪಾದಕರು ಮನ್ನಿಸಬೇಕು.

ಜಿರ್ಕೋನಿಯಾ ಎಂಬ ಬಿಳಿಯ ಪಿಂಗಾಣಿಯ ಗುಂಡು ಸೊಂಟದ ಕೃತಕ ಕೀಲಿಗೆ ಬಂದ ಹೊಸತು. ಸವೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ ಎಂದು ಎಲ್ಲರೂ ಕೊಂಡಾಡುತ್ತಿದ್ದ ಆ ದಿನಗಳಲ್ಲಿ, ಸೋಂಕಿಗೋ ಸಡಿಲಿಕೆಗೋ ನಾವು ಹೊರತೆಗೆದ ಹಳೆಯ ಗುಂಡುಗಳನ್ನು ಬೇಡಲು ಹಾಚಿಯಾ ಅವರು ಆಸ್ಪತ್ರೆಗೆ ಬಂದರು. ಅವನ್ನೆಲ್ಲ ಎಸೆಯುತ್ತೇವೆ ಎಂದೆ. “ನಿಮ್ಮ ಕಸದ ಬುಟ್ಟೀನೇ ನನ್ನ ಲೈಬ್ರರಿ ಡಾಕ್ಟ್ರೇ, ಬೀಗ ಹಾಕ್ಬೇಡಿ” ಎಂದರು. ಮೈಯ ಬಿಸಿಗೂ ತೇವಕ್ಕೂ ಗುಂಡಿನ ಮೇಲ್ಮೈಯ ಹರಳುಗಳು ಒಂದೊಂದಾಗಿ ರೂಪ ಬದಲಿಸುತ್ತವೆ, ಉಬ್ಬಿ ಪಕ್ಕದ ಹರಳನ್ನು ದೂಡುತ್ತವೆ, ಕಣ್ಣಿಗೆ ನುಣುಪಾಗಿಯೇ ಕಾಣುತ್ತಿದ್ದದ್ದು ಒಂದು ದಿನ ಸೀಳುತ್ತದೆ. ಪಿಂಗಾಣಿಗೂ ಮುಪ್ಪುಂಟು ಎಂಬುದನ್ನು ನನಗೆ ಕಲಿಸಿದವರು ಅವರೇ. ಪ್ರಯೋಗಾಲಯದಲ್ಲಿ ಗುಂಡನ್ನು ಬಿಸಿ ಹಬೆಯಲ್ಲಿಟ್ಟು ಕೆಲವೇ ಗಂಟೆಗಳಲ್ಲಿ ಹಲವು ವರ್ಷಗಳ ಮುಪ್ಪನ್ನು ಬರಿಸುತ್ತಿದ್ದರು. ಲೆಕ್ಕ ಸರಿಬಂದಾಗಲೂ ಅವರಿಗೆ ಸಮಾಧಾನವಿಲ್ಲ. “ಮನುಷ್ಯ ಅನ್ನದ ಕುಕ್ಕರ್ ಅಲ್ವಲ್ಲ” ಎಂದು ಗೊಣಗುತ್ತ ಕೋಣೆಯ ತುಂಬ ಓಡಾಡುತ್ತಿದ್ದರು. ಅವರನ್ನು ಕೂತಲ್ಲಿ ಕೂರಿಸುವುದು ಯಾರ ಕೈಲೂ ಆಗದ ಕೆಲಸ.

ಅವರೇ ಪರೀಕ್ಷಿಸಿ ಒಪ್ಪಿಗೆ ಕೊಟ್ಟಿದ್ದ, ಒಟ್ಟಿಗೆ ತಯಾರಾದ ಒಂದು ಕಂತಿನ ಗುಂಡುಗಳನ್ನು ನಾನು ಬಹಳ ಜನರಿಗೆ ಕೂರಿಸಿದ್ದೆ. ವರ್ಷಗಳ ನಂತರ, ಅವರಲ್ಲೊಬ್ಬ ವೃದ್ಧ ಬಡಗಿ ನೆಲದಿಂದ ಏಳುವಾಗ ಸೊಂಟದೊಳಗೇ ಗುಂಡು ಒಡೆಯಿತು. ಚೂರುಗಳನ್ನು ಹೆಕ್ಕಿ ತೆಗೆದು ಹೊರಬಂದೆ. ಮೇಷ್ಟ್ರು ಸುದ್ದಿ ತಿಳಿದ ಕೂಡಲೇ ರೈಲು ಹತ್ತಿ ಬಂದಿದ್ದರು. ನನ್ನನ್ನು ಒಂದು ಮಾತೂ ಕೇಳದೆ ಬಡಗಿಯ ಹಾಸಿಗೆಯ ಬಳಿಗೆ ಹೋಗಿ ನಡು ಬಗ್ಗಿಸಿ ನಿಂತು, “ಇದನ್ನ ಪಾಸ್ ಮಾಡಿದೋನು ನಾನು. ಡಾಕ್ಟ್ರ ಕೈ ತಪ್ಪೇನಿಲ್ಲ” ಎಂದರು. ಆ ಒಂದು ಮಾತಿನಿಂದ ನನ್ನ ವೃತ್ತಿ ಉಳಿಯಿತು, ಆ ಋಣ ಇನ್ನೂ ತೀರಿಲ್ಲ.

ಅಲ್ಲಿಂದ ಶುರುವಾದ ಕಳವಳ ಇಂದಿಗೂ ಮುಗಿದಿಲ್ಲ. ಅದೇ ಕಂತಿನ ಗುಂಡಿನ ಮೇಲೆ ನಡೆದಾಡುತ್ತಿರುವ ಮಿಕ್ಕವರ ಗತಿಯೇನು? ಎಲ್ಲರನ್ನೂ ಮತ್ತೆ ಕೊಯ್ಯುವುದೋ, ಹಾಗೇ ಬಿಡುವುದೋ? ಒಡೆದದ್ದನ್ನು ನೋಡಿ ಒಡೆಯದ್ದರ ಆಯುಷ್ಯ ಹೇಳಲಾಗದು. ಚೆನ್ನಾಗಿ ನಡೆದಾಡಿ ತೀರಿಕೊಂಡವರ ಗುಂಡು ಬೇಕು, ಆದರೆ ನಮ್ಮಲ್ಲಿ ತೀರಿಕೊಂಡವರು ಹೋಗುವುದು ಬೆಂಕಿಗೆ.

ಅದೇ ಕಂತಿನ ಗುಂಡಿದ್ದ ಇಕೊಮಾ ನುಯಿ ಎಂಬ ನೂಡಲ್ಸ್ ಅಂಗಡಿಯ ಒಡತಿ ಹೃದಯಾಘಾತದಿಂದ ತೀರಿಕೊಂಡರು. ದಹನವಾದ ಮೇಲೆ ಮನೆಯವರು ನಮ್ಮ ರೂಢಿಯಂತೆ ಜೋಡಿ ಕಡ್ಡಿಗಳಲ್ಲಿ ಅಸ್ಥಿ ಆರಿಸುವಾಗ ಬೂದಿಯಲ್ಲಿ ಗುಂಡು ಸಿಕ್ಕಿತು. ಅವರ ಗಂಡ ಗಿಸಾಕು ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಪ್ರಯೋಗಾಲಯಕ್ಕೆ ತಂದಾಗ ನಾನೂ ಅಲ್ಲಿದ್ದೆ.

“ನೋಡಿ ಮೇಷ್ಟ್ರೇ, ನಮ್ಮವಳ ಮೂಳೆ ಎಲ್ಲಾ ಪುಡಿ ಆಯ್ತು, ಇದು ಮಾತ್ರ ಹಂಗೇ ಇದೆ. ದಿನಾ ಬೆಳಗಿಂದ ಸಂಜೆವರ್ಗೂ ಇದರ ಮೇಲೇ ನಿಂತಿರ್ತಿದ್ಲು. ಇನ್ನು ಮಿಕ್ಕೋರೆಲ್ಲಾ ಹೆದರ್ಕೊಬೇಕಾಗಿಲ್ಲ, ಅಲ್ವಾ?”

ಗೆದ್ದೆವು ಎಂದುಕೊಂಡೆ ನಾನು. ಮೇಷ್ಟ್ರು ಎರಡೂ ಕೈಯಲ್ಲಿ ಗುಂಡನ್ನು ತೆಗೆದುಕೊಂಡು ಹಣೆಗೆ ಮುಟ್ಟಿಸಿದರು.

“ಇಕೊಮಾ ಅವರೇ, ಇದರಿಂದ ನನಗೇನೂ ಗೊತ್ತಾಗಲ್ಲ. ಮೈಯೊಳಗೆ ಬದಲಾಗಿದ್ದ ಹರಳು ಆ ಬೆಂಕೀಲಿ ಮತ್ತೆ ಮೊದಲಿನ ಹಾಗೇ ಆಗ್ಬಿಡತ್ತೆ. ಮುಪ್ಪಿನ ಗುರುತೆಲ್ಲ ಅಳಿಸಿಹೋಗಿದೆ.”

ಗಿಸಾಕುವಿನ ಮುಖ ಕೆಂಪಗಾಯಿತು. “ಹಂಗಾದ್ರೆ ಎರಡೂ ಕೈ ಚಾಚಿ ಯಾಕ್ ತಗೊಂಡ್ರಿ?”

“ಕೊಟ್ಟಿದ್ದು ನೀವು. ಅದಕ್ಕೆ.”

ಮುದುಕ ಗುಂಡನ್ನು ಕಸಿದುಕೊಂಡು ಹೊರಟುಹೋದ. ನನಗೆ ತಡೆಯಲಾರದ ಸಿಟ್ಟು ಬಂತು. “ಹೆಂಡತಿ ಕಳ್ಕೊಂಡೋರಿಗೆ ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ಎಂದೆ. “ಅವರಿಗೆ ಹೇಳಿದ ಸುಳ್ಳನ್ನ ನಾಳೆ ನೀವು ನಂಬ್ತಿದ್ರಿ ಡಾಕ್ಟ್ರೇ” ಎಂದರು.

ಗುಂಡು ನುಯಿ ಅವರ ಅಸ್ಥಿಯ ಜೊತೆ ಗೋರಿ ಸೇರಿತು. ಆದರೆ ಅದೇ ಗಿಸಾಕು, ಸಿಟ್ಟು ಇಳಿದ ಮೇಲೆ, ಅಂಗಡಿಗೆ ಕುಂಟುತ್ತ ಬಂದವರಿಗೆಲ್ಲ ಹೇಳತೊಡಗಿದ: “ಗುಂಡು ಕೊಡೋದಿದ್ರೆ ಬೆಂಕಿಗೆ ಹೋಗೋ ಮುಂಚೆ ಕೊಡಯ್ಯಾ. ಸುಟ್ಟು ತಂದ್ರೆ ಆ ಮೇಷ್ಟ್ರು ಮೂಸಿನೂ ನೋಡಲ್ಲ!” ಸತ್ತವರ ಮೈಗೆ ಕತ್ತಿ ತಾಗಬಾರದು ಎಂದು ಪಟ್ಟು ಹಿಡಿದಿದ್ದ ಮನೆಗಳಿಂದ ನಾನು ವರ್ಷಗಟ್ಟಲೆ ಬೇಡಿದರೂ ಸಿಗದ ಒಪ್ಪಿಗೆ, ಅವನ ಬೈಗುಳಕ್ಕೆ ಸಿಕ್ಕಿತು. ಹಾಗೆ ಬಂದ ಗುಂಡುಗಳಲ್ಲೆಲ್ಲ ಮುಪ್ಪು ಕಂಡಿತು. ಕೆಲವುಗಳಲ್ಲಿ ತೆಳುವಾಗಿ, ಕೆಲವುಗಳಲ್ಲಿ ಆಳವಾಗಿ. ಇಂದು ದವಡೆಗೆ ಕೂರಿಸುವ ಜಿರ್ಕೋನಿಯಾದ ಕೃತಕ ಹಲ್ಲಿನ ಬೇರುಗಳನ್ನೂ ಅವರ ಶಿಷ್ಯರು ಇದೇ ಅನುಮಾನದಿಂದ ನೋಡುತ್ತಿದ್ದಾರೆ.

ಇನ್ನೊಂದು ಸಂಗತಿಯನ್ನು ಮೇಷ್ಟ್ರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಆ ಕಂತಿನ ಒಂದು ಗುಂಡು ಅವರ ಎಡ ಸೊಂಟದಲ್ಲಿದೆ. ತಾವು ಒಪ್ಪಿದ್ದನ್ನೇ ತಮಗೆ ಹಾಕಿ ಎಂದು ಕೇಳಿದ್ದರು, ನಾನೇ ಕೂರಿಸಿದ್ದೆ. ಬಡಗಿಯ ಗುಂಡು ಒಡೆದ ಮೇಲೆ, ಬದಲಾಯಿಸೋಣ ಎಂದು ಕೈಮುಗಿದು ಕೇಳಿಕೊಂಡೆ.

“ಎಲ್ಲರದ್ದೂ ತೆಗೀತೀರಾ?”

“ಆಗಲ್ಲ ಮೇಷ್ಟ್ರೇ. ಎಷ್ಟೋ ಜನ ಇನ್ನೊಂದು ಆಪರೇಷನ್ ತಡ್ಕೊಳಲ್ಲ.”

“ಹಾಗಾದ್ರೆ ನನ್ನದೂ ಇರ್ಲಿ. ಅವರು ನಡೆಯೋದರ ಮೇಲೇ ನಾನೂ ನಡೀತೀನಿ.”

ಅಂದಿನಿಂದ ಅವರ ಹಿಂದೆ ನಡೆಯುವುದೆಂದರೆ ನನಗೆ ಸಂಕಟ. ರೈಲು ನಿಲ್ದಾಣದ ಮೆಟ್ಟಿಲಲ್ಲಿ ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದರೆ, ನನ್ನನ್ನು ಕಾಡಿಸಲೆಂದೇ ಅವರು ಎರಡೆರಡು ಮೆಟ್ಟಿಲು ದಾಟುತ್ತಾರೆ. ತಾವು ತೀರಿಕೊಂಡರೆ ದಹನಕ್ಕೆ ಮೊದಲು ನಾನೇ ಗುಂಡು ತೆಗೆಯಬೇಕೆಂದು ಮನೆಯವರೆದುರು ಮಾತು ಪಡೆದಿದ್ದಾರೆ. ಆ ಕಂತಿನ ಯಾವ ಗುಂಡೂ ಇಷ್ಟು ಕಾಲ, ಇಷ್ಟು ಓಡಾಡುವ ಮನುಷ್ಯನೊಳಗೆ ಬಾಳಿಲ್ಲ. ಇಡೀ ಸೇವೆಯುದ್ದಕ್ಕೂ ಅವರು ಹುಡುಕಿದ ಉತ್ತರ ಅವರ ಮೈಯಲ್ಲೇ ಇದೆ, ಅದನ್ನು ಅವರೇ ನೋಡಲಾರರು.

ಮೇಷ್ಟ್ರೇ, ನಿವೃತ್ತಿಯ ನಂತರವೂ ನಿಮ್ಮ ಹಬೆಯ ಪಾತ್ರೆ ಆರದಿರಲಿ, ನಮ್ಮ ಕಸದ ಬುಟ್ಟಿಗೆ ನೀವು ಕೈ ಹಾಕುತ್ತಲೇ ಇರಿ. ನಾನು ಕೊಟ್ಟ ಮಾತಿಗೆ ತಪ್ಪುವವನಲ್ಲ. ಆದರೆ ನನ್ನ ಕೈ ನಡುಗಿ ಕತ್ತಿ ಹಿಡಿಯಲಾರದ ಕಾಲ ಬಂದಾಗಲೂ ನೀವು ಆ ಮೆಟ್ಟಿಲು ಹತ್ತುತ್ತಿರಿ, ಆ ಮಾತು ನಡೆಸುವ ದಿನ ನನ್ನ ಪಾಲಿಗೆ ಬಾರದಿರಲಿ. ಆ ಉತ್ತರಕ್ಕೆ ನಮಗಾರಿಗೂ ಅವಸರವಿಲ್ಲ.