ಕಾಕಾನ ಬಾಯಿ, ಯಾರದೋ ದನಿ

ದೀಪಾವಳಿಗೆ ಬರುವ ಸಿನಿಮಾಗಳಲ್ಲಿ ನಮ್ಮ ಹುಬ್ಬಳ್ಳಿ ಕಡೆಯವರಿಗೆ ಒಂದು ಪೀಠ ಕಾಯಂ: ದೊಡ್ಡ ರುಮಾಲು ಸುತ್ತಿಕೊಂಡು ಒದರುವುದು. ಒಂದು ವರ್ಷ ಆ ಪೀಠವನ್ನು ನಮ್ಮ ಕಾಕಾ ಅಲಂಕರಿಸಿದರು. ಚಿತ್ರೀಕರಣ ಕೆಲಗೇರಿ ಕೆರೆಯ ದಂಡೆಯಲ್ಲಿ. ಜನ್ಮದಲ್ಲಿ ರುಮಾಲು ಕಟ್ಟದ ಈ ನಿವೃತ್ತ ಮಾಸ್ತರರ ತಲೆಗೆ ಅದನ್ನು ಬಿಗಿದು, ‘ಬರ್ರಿ, ಚಾ ಕುಡೀರಿ’ ಎಂಬ ಒಂದೇ ಮಾತು ಕೊಟ್ಟರು. ಕಾಕಾ ಅದನ್ನು ತಮ್ಮ ಎಂದಿನ ಮೆಲುದನಿಯಲ್ಲಿ ಆಡಿ ಬಂದರು. ಆ ದನಿಯನ್ನು ಪರದೆಯಿಂದ ಕೇಳುವ ಆಸೆಗೆ ಅವರ ಹೆಂಡತಿ ಕಾಕು ನಮ್ಮನ್ನೆಲ್ಲ ಹುಬ್ಬಳ್ಳಿಯ ಟಾಕೀಸಿಗೆ ಹೊರಡಿಸಿದರು.

ಕತ್ತಲೆಯಲ್ಲಿ ಪರದೆಯ ಮೇಲೆ ಕೆರೆ ಮೆಲ್ಲಗೆ ಬೆಳಗಿತು. ಮಂಜಿನೊಳಗಿಂದ ಕಾಕಾ ನಡೆದು ಬಂದದ್ದು ಬೆಳಗಿನ ಜಾವದ ಕನಸಿನಂತಿತ್ತು. ಅವರು ಬಾಯಿ ತೆರೆದರು. ಅದೇ ಮಾತನ್ನು ಯಾರದೋ ಗಡಸು ಗಂಟಲು ಅಬ್ಬರಿಸಿತು. ಮಂದಿಯೆಲ್ಲ ನಕ್ಕರು. ತಪ್ಪೊಪ್ಪಿಕೊಳ್ಳುತ್ತೇನೆ, ನಾನೂ ನಕ್ಕೆ. ಪಕ್ಕದಲ್ಲಿ ಕಾಕಾ ತಲೆ ತಗ್ಗಿಸಿದರು.

‘ಇದು ಇವ್ರ ದನಿ ಅಲ್ರಿ,’ ಎಂದು ಕಾಕು ಮುಂದಿನ ಸಾಲಿನವರಿಗೂ ಕೇಳುವಂತೆ ಅಂದರು. ‘ನಲವತ್ತ ವರ್ಷ ಸಂಸಾರ ಮಾಡೇನಿ. ಒಮ್ಮೆನೂ ಹಿಂಗ ಒದರಿಲ್ಲ.’

ಮುಂದೆ ಕೂತವನೊಬ್ಬ ತಿರುಗಿದ. ‘ಹಂಗಾರ ಹೆಂಗ ಅಂದಿದ್ರಿ ಕಾಕಾ? ಅಂದು ತೋರಸ್ರಿ.’

ಕಾಕಾ ಗಂಟಲು ಸರಿಪಡಿಸಿಕೊಂಡು ‘ಬರ್ರಿ, ಚಾ ಕುಡೀರಿ’ ಎಂದು ಮೆಲ್ಲಗೆ, ಮನೆಗೆ ಬಂದವರಿಗೆ ಹೇಳುವಂತೆ ಹೇಳಿದರು.

ಆತ ನಗಲಿಲ್ಲ. ‘ಇಂಟರ್ವಲ್ ಆಗ್ಲಿ, ಚಾ ಕುಡ್ಯಾಕ ಬರ್ತೇನ್ರಿ,’ ಎಂದ.